ಮೂರು ವರ್ಷದ ಮುತ್ತಜ್ಜ

ಮೊನ್ನೆ ಭಾನುವಾರ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಓವನ್ನಿನಿಂದ ಆಗಷ್ಟೇ ಇಳಿಸಿದ ಆಲೂಗಡ್ಡೆ. ಬಾಯಿಗೆ ಇಡಬೇಕು ಅನ್ನುವಷ್ಟರಲ್ಲಿ ನನ್ನ ತಟ್ಟೆ ಪಕ್ಕಕ್ಕೆ ಸರಿಯಿತು. ಆ ಜಾಗಕ್ಕೆ ಲ್ಯಾಪ್‌ಟಾಪ್ ಬಂತು.

"ನಿನ್ನ ಕಣ್ಣು ಚೆನ್ನಾಗಿದೆ. ಇದು ಇಪ್ಪತ್ತೈದೋ ಮೂವತ್ತೈದೋ ನೋಡು."

1841ರ ಜನಗಣತಿ. ಗಣತಿದಾರ ಪೆನ್ಸಿಲ್‌ನಲ್ಲಿ ಬರೆದಿದ್ದಾನೆ. ಆಮೇಲೆ ಲೆಕ್ಕ ಕೂಡಿದ ಗುಮಾಸ್ತ ಒಂದೊಂದು ಹೆಸರಿಗೂ ಗೀಟು ಎಳೆದಿದ್ದಾನೆ. ಎಳೆಯೋದು ಎಳೆದ, ಪಕ್ಕದಲ್ಲಿ ಅಷ್ಟು ಜಾಗ ಖಾಲಿ ಬಿದ್ದಿತ್ತಲ್ಲ? ಸರಿಯಾಗಿ ವಯಸ್ಸಿನ ಮೇಲೇ ಎಳೆದಿದ್ದಾನೆ. ನಾನು ಇಪ್ಪತ್ತೈದು ಅಂತ ತೀರ್ಪು ಕೊಡುವ ಹೊತ್ತಿಗೆ ಆಲೂಗಡ್ಡೆ ತಣ್ಣಗಾಗಿ ಕಲ್ಲಾಗಿತ್ತು.

ಇಂಗ್ಲೆಂಡಿಗೆ ಸೊಸೆಯಾಗಿ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ರಿಟೈರ್ ಆದವರಿಗೆ ಎರಡೇ ಕೆಲಸ. ಒಂದು ತೋಟ, ಇಲ್ಲಾಂದ್ರೆ ವಂಶವೃಕ್ಷ. ನಮ್ಮ ಮಾವನಿಗೆ ಮೊಣಕಾಲು ನೋವು. ಬಗ್ಗಿ ಕಳೆ ಕೀಳೋಕಾಗಲ್ಲ.

ಮೊದಮೊದಲು ನನಗೂ ಖುಷಿ ಅನ್ನಿಸಿತ್ತು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಎಲ್ಲ ಪ್ಯಾರಿಷ್‌ಗಳಿಗೂ ಅಪ್ಪಣೆ ಮಾಡಿದನಂತೆ. ಯಾರಿಗೆ ದೀಕ್ಷಾಸ್ನಾನ ಆಯಿತು, ಯಾರ ಮದುವೆ ಆಯಿತು, ಯಾರನ್ನು ಮಣ್ಣು ಮಾಡಿದರು, ಎಲ್ಲವನ್ನೂ ಪಾದ್ರಿ ವಾರವಾರ ಪುಸ್ತಕದಲ್ಲಿ ಬರೆಯಬೇಕು. ಎರಡೇ ವರ್ಷದಲ್ಲಿ ಕ್ರಾಮ್‌ವೆಲ್‌ನ ತಲೆ ತೆಗೆಸಿದರು. ಅದು ಬೇರೆ ಕಾರಣಕ್ಕೆ, ನಿಜ. ಆದರೂ ಆ ಪುಸ್ತಕಗಳ ಅಕ್ಷರ ನೋಡಿದಾಗಲೆಲ್ಲ ನನಗೆ ಅದೊಂದು ಸಮಾಧಾನ.

ಪಾದ್ರಿ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಮಾವನ ಮನೆತನದ ಹೆಸರು ಅಪ್ಪನಿಗೆ ಒಂಥರಾ, ಮಗನಿಗೆ ಒಂಥರಾ. ಇನ್ನು ಗಂಡಸರೆಲ್ಲ ಜಾನ್, ವಿಲಿಯಂ, ಥಾಮಸ್. ಹೆಂಗಸರೆಲ್ಲ ಮೇರಿ, ಎಲಿಜಬೆತ್, ಆನ್. ಅದರಲ್ಲೂ ಅಣ್ಣತಮ್ಮಂದಿರು ಇಬ್ಬರೂ ಅಪ್ಪನ ಹೆಸರನ್ನೇ ಮಕ್ಕಳಿಗೆ ಇಡೋರು. ನಾರ್ಫೋಕ್‌ನ ಆ ಪುಟ್ಟ ಹಳ್ಳಿಯಲ್ಲಿ "ವಿಲಿಯಂ, ಊಟಕ್ಕೆ ಬಾ" ಅಂದರೆ ಅರ್ಧ ಊರು ಬಂದು ಕೂರುತ್ತಿತ್ತೇನೋ.

ನಮ್ಮ ಸಂಕಟ ಶುರುವಾಗಿದ್ದೂ ಒಬ್ಬ ವಿಲಿಯಂನಿಂದಲೇ. ಮಾವನ ಮುತ್ತಜ್ಜನ ಅಪ್ಪ. ಜನಗಣತಿಯಲ್ಲಿ ಕೂಲಿ ಅಂತಿದೆ. ಮಾವನಿಗೆ ಅದು ಯಾಕೋ ಸಾಲದಾಯಿತು. 1813ರಿಂದ ಚರ್ಚುಗಳಿಗೆ ಅಚ್ಚು ಹಾಕಿದ ಪುಸ್ತಕ ಬಂತು, ಅದರಲ್ಲಿ ಮಗುವಿನ ಅಪ್ಪನ ಕಸುಬಿಗೂ ಒಂದು ಕಲಮು ಇರುತ್ತದೆ. ಹುಡುಕಿದರು. ವಿಲಿಯಂ ಸಿಕ್ಕ. ಅಪ್ಪನ ಕಸುಬು: ಗಿರಣಿ.

ಆವತ್ತಿನಿಂದ ನಮ್ಮ ಮನೆಯ ನೆಮ್ಮದಿ ಹಾಳಾಯಿತು.

ಆ ಕಡೆ ಹಳೇ ಗಾಳಿಗಿರಣಿ ಒಂದು ಇನ್ನೂ ನಿಂತಿದೆ. ಸುರಿವ ಮಳೆಯಲ್ಲಿ ಎಲ್ಲರನ್ನೂ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋವನ್ನೇ ಕ್ರಿಸ್ಮಸ್ ಕಾರ್ಡ್ ಮಾಡಿಸಿ ಆಸ್ಟ್ರೇಲಿಯಾದ ನೆಂಟರವರೆಗೂ ಕಳಿಸಿದರು. ಹೋಗಲಿ ಬಿಡಿ, ಕಾರ್ಡ್ ತಾನೇ. ಆದರೆ ಮಾವ ಹಿಟ್ಟಿನ ಪಂಡಿತರಾಗಿಬಿಟ್ಟರು. ಬೇಕರಿಯಲ್ಲಿ ಬ್ರೆಡ್ಡನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡೋರು. ನಮ್ಮ ಮನೆಗೆ ಬಂದರೆ ನೇರ ಅಡುಗೆಮನೆ. ನಾನು ನಾದಿಟ್ಟ ಚಪಾತಿ ಹಿಟ್ಟಿನಿಂದ ಚೂರು ಕಿತ್ತು, ಎರಡು ಬೆರಳಲ್ಲಿ ಉಜ್ಜಿ, ಕಣ್ಣು ಮುಚ್ಚಿ "ಹ್ಮ್" ಅನ್ನೋರು. "ನೀರು ಜಾಸ್ತಿಯಾಯಿತು. ನಮ್ಮ ರಕ್ತದಲ್ಲೇ ಬಂದದ್ದು ನೋಡು, ಬೆರಳಿಗೆ ಗೊತ್ತಾಗುತ್ತೆ."

ನಾನು ಬಾಗಲಕೋಟೆ ಕಡೆಯವಳು. ಏಳನೇ ವಯಸ್ಸಿಗೆ ಜೋಳದ ರೊಟ್ಟಿ ಬಡಿದವಳು. ಚಪಾತಿ ಲಟ್ಟಿಸೋದನ್ನು ಯೂಟ್ಯೂಬಿನಲ್ಲಿ ನೋಡಿದ ಮನುಷ್ಯ ನನ್ನ ಹಿಟ್ಟಿಗೆ ಹೆಸರಿಡೋದೇ? ಜಗಳ ಮಾಡೋಣ ಅಂದರೆ ಅದೂ ಕಷ್ಟ. ಇಲ್ಲಿ ಮಾವನನ್ನು ಹೆಸರು ಹಿಡಿದು ಕರೆಯಬೇಕು, ನನಗೆ ನಾಲಿಗೆ ಹೊರಳಲ್ಲ. ಇಷ್ಟು ವರ್ಷದಿಂದ "ಎಕ್ಸ್‌ಕ್ಯೂಸ್ ಮಿ" ಅಂತಲೇ ಸಂಸಾರ ನಡೆದಿದೆ. ಎಕ್ಸ್‌ಕ್ಯೂಸ್ ಮಿ ಅಂತ ಶುರು ಮಾಡಿದ ಜಗಳ ಎಷ್ಟು ದೂರ ಹೋದೀತು?

ಮೊನ್ನೆ ಅದೇ ಊಟದ ಮೇಜಿನ ಮೇಲೆ, ತಣ್ಣಗಾದ ಆಲೂಗಡ್ಡೆಯ ಸಿಟ್ಟಿನಲ್ಲಿ, ಸುಮ್ನೆ ಅದೇ ಚರ್ಚಿನ ಸಮಾಧಿ ಪುಸ್ತಕ ತಿರುವಿದೆ. ಅಲ್ಲಿದ್ದ ನಮ್ಮ ವಿಲಿಯಂ. ವಾಸ: ಗಿರಣಿ. ವಯಸ್ಸು: ಮೂರು.

ಮಾವ ಕನ್ನಡಕ ಒರೆಸಿಕೊಂಡು ನೋಡಿದರು. ಮತ್ತೆ ಒರೆಸಿದರು. "ಪಾದ್ರಿ ತಪ್ಪು ಬರೆದಿರಬೇಕು. ಮೂವತ್ತು ಇರುತ್ತೆ."

ಅತ್ತೆ ಗ್ರೇವಿ ಬಡಿಸುತ್ತಾ ಅಂದರು, "ಮೂರು ವರ್ಷದವನಿಗೆ ಒಂಬತ್ತು ಮಕ್ಕಳಾಗಲ್ಲ ಕಣ್ರೀ." ಅತ್ತೆ ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಆ ದನಿಯಲ್ಲಿ "ಕಣ್ರೀ" ಇತ್ತು, ನಾನು ಕೇಳಿಸಿಕೊಂಡೆ.

ಅದೇ ದೀಕ್ಷಾಸ್ನಾನದ ಪುಸ್ತಕದಲ್ಲಿ ಎರಡು ಪುಟ ಮುಂದೆ ಇನ್ನೊಬ್ಬ ವಿಲಿಯಂ ಇದ್ದ. ಅಪ್ಪನ ಕಸುಬು ಕೂಲಿ. ಅವನೇ ಇವರ ನಿಜವಾದ ಹಿರಿಯ. ಅವನ ಹೆಂಡತಿ ಮೇರಿ ಮಾತ್ರ ನನಗೆ ಬಹಳ ಹಿಡಿಸಿದಳು. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕು ಅಂತ ಗಣತಿದಾರರಿಗೆ ಹೇಳಿದ್ದರು. ಇಪ್ಪತ್ತೊಂಬತ್ತಾಗಿದ್ದರೂ ಇಪ್ಪತ್ತೈದೇ. ಮೇರಿಗೆ ಈ ಪದ್ಧತಿ ಒಗ್ಗಿತು ಅಂತ ಕಾಣುತ್ತೆ. 1851ರಲ್ಲಿ ಅವಳಿಗೆ 33, 1861ರಲ್ಲಿ 40, 1871ರಲ್ಲಿ 46. ಇಪ್ಪತ್ತು ವರ್ಷದಲ್ಲಿ ಹದಿಮೂರು ವರ್ಷ ಮಾತ್ರ ವಯಸ್ಸಾಗಿದೆ, ಅದೂ ಒಂಬತ್ತು ಹೆತ್ತ ಮೇಲೆ.

ಅವಳಿಗಾದರೂ ಒಂದು ಹೆಸರಿದೆ. ಇನ್ನೂ ಹಿಂದಿನ ಸಮಾಧಿ ಪುಸ್ತಕದಲ್ಲಿ ಒಂದು ಸಾಲು ಬರೀ "ಜಾನನ ಹೆಂಡತಿ" ಅಂತಿದೆ. ಅಷ್ಟೇ. ಪಾದ್ರಿಗೆ ಅವಳ ಹೆಸರು ಗೊತ್ತಿರಲಿಲ್ಲವೋ, ಬರೆಯೋದು ಯಾಕೆ ಅನ್ನಿಸಿತೋ. ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಅಂಗಳದಲ್ಲಿ ಕೂತು ನಮ್ಮ ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ, ಜೋಳ ಹಾಕಿಸಿಕೊಂಡು ಹೋಗುತ್ತಿದ್ದ. ಆ ಜೋಳ ಅಳೆದು ಹಾಕುತ್ತಿದ್ದವಳು ನನ್ನ ಅಜ್ಜಿ. ಅವನ ಬಾಯಲ್ಲಿ ಅವಳ ಹೆಸರು ಬಂದ ನೆನಪು ನನಗಿಲ್ಲ.

ಇದನ್ನು ಮಾವನಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಕೇಳಿದ್ದು, "ಈ ಹೆಳವರಿಗೆ ವೆಬ್‌ಸೈಟ್ ಇದೆಯಾ? ತಿಂಗಳ ಚಂದಾ ಎಷ್ಟು?"

ಇನ್ನು ಮುಂದಕ್ಕಾದರೂ ಬಿಡುವು ಸಿಗಬೇಕಿತ್ತು. ಯಾಕೆಂದರೆ ಇಲ್ಲಿ ಜನಗಣತಿಯ ಹಾಳೆ ನೂರು ವರ್ಷ ಬೀಗದಲ್ಲಿರುತ್ತೆ. 1921ರದು 2022ರಲ್ಲಿ ಹೊರಬಂತು. 1931ರದು 1942ರಲ್ಲಿ ಗೋದಾಮಿನಲ್ಲೇ ಸುಟ್ಟುಹೋಯಿತು. ಯುದ್ಧದ ಕಾಲ ನಿಜ, ಆದರೆ ಅದು ಬಾಂಬಿನಿಂದ ಹತ್ತಿದ ಬೆಂಕಿಯಲ್ಲ. 1941ರಲ್ಲಿ ಗಣತಿಯೇ ಆಗಲಿಲ್ಲ. ಹಾಗಾಗಿ ಮುಂದಿನದು 1951ರದು, ತೆರೆಯೋದು 2052ಕ್ಕೆ. ಅದರಲ್ಲಿ ಮಾವ ಇದ್ದಾರೆ, ನಾಲ್ಕು ವರ್ಷದ ಹುಡುಗ. 2052ಕ್ಕೆ ಅವರಿಗೆ ನೂರು ದಾಟಿರುತ್ತೆ. ಅದು ಅವರಿಗೂ ಗೊತ್ತು.

ಅದಕ್ಕೇ ಆ ಕೆಲಸ ನನಗೆ ವಹಿಸಿದ್ದಾರೆ. ಕಾಫಿ ಕುಡಿಯುತ್ತಾ ಚೀಟಿಯಲ್ಲಿ ಬರೆದೇ ಕೊಟ್ಟರು. ಹೆಸರಿನ ಸ್ಪೆಲಿಂಗ್ ನೋಡಬೇಕು. ಬೀದಿ ಸರಿಯಿದೆಯಾ ನೋಡಬೇಕು. ಅವರಪ್ಪ ನಾರ್ವಿಚ್‌ನಲ್ಲಿ ಬಸ್ ಓಡಿಸುತ್ತಿದ್ದರು ಅಂತ ಮನೆಮಂದಿಗೆಲ್ಲ ಗೊತ್ತು. ಆದರೂ ಕೊನೆಗೆ ಒಂದು ಸಾಲು ಸೇರಿಸಿದ್ದಾರೆ: ಉದ್ಯೋಗದ ಕಲಮು ಸರಿಯಾಗಿ ನೋಡು, ಗಿರಣಿ ಅಂತ ಇದ್ದರೂ ಇರಬಹುದು.