ಸತ್ಯಾಂಶ: ನೈಟ್ರೋಜನ್ ತುಂಬಿಸಿದರೂ ಟೈರ್ ಪ್ರೆಶರ್ ಏರುತ್ತದೆ

‘ಟ್ರ್ಯಾಕ್‌ಗೆ ಹೋಗುವ ಮುನ್ನ ನೈಟ್ರೋಜನ್ ತುಂಬಿಸಿ, ಎಷ್ಟು ಬಿಸಿಯಾದರೂ ಪ್ರೆಶರ್ ಏರುವುದಿಲ್ಲ, ಟೈರ್ ಸವೆಯುವುದಿಲ್ಲ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ.

ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಒಣ ಗಾಳಿಯಾಗಲಿ, ಶುದ್ಧ ನೈಟ್ರೋಜನ್ ಆಗಲಿ, ಬಿಸಿಯಾದಾಗ ಒತ್ತಡ ಏರುವುದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. 30 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದ ಟೈರಿನೊಳಗಿನ ಗಾಳಿ 80 ಡಿಗ್ರಿ ಮುಟ್ಟಿದರೆ ಒತ್ತಡ 40ರ ಹತ್ತಿರ ಬರುತ್ತದೆ. ನೈಟ್ರೋಜನ್‌ನಲ್ಲಿ ತೇವಾಂಶ ಇರುವುದಿಲ್ಲ, ಸೋರಿಕೆಯೂ ತುಸು ನಿಧಾನ. ಲಾಭ ಅಷ್ಟೇ.

ಬೆಂಗಳೂರಿನಿಂದ ಚೆನ್ನೈ ಬಳಿಯ ಟ್ರ್ಯಾಕ್‌ಗೋ ಕೊಯಮತ್ತೂರಿಗೋ ಮೊದಲ ಸಲ ಹೊರಟವರು ಪ್ರೆಶರ್ ಗೇಜ್ ಒಂದನ್ನು ಜೊತೆಗಿಟ್ಟುಕೊಳ್ಳಿ. ಕೆಲವು ಸುತ್ತು ಓಡಿಸಿ ಪಿಟ್‌ಗೆ ಬಂದ ಕೂಡಲೇ ನಾಲ್ಕೂ ಟೈರ್ ಅಳೆದು ಬರೆದಿಡಿ, ಅತಿಯಾಗಿದ್ದರೆ ಸ್ವಲ್ಪ ಇಳಿಸಿ. ಮುಂದಿನ ಟೈರ್‌ಗಳ ಹೊರ ಅಂಚನ್ನೂ ನೋಡಿ, ನಮ್ಮ ಸಾಮಾನ್ಯ ಕಾರುಗಳಲ್ಲಿ ಮೊದಲು ಸವೆಯುವುದು ಅದೇ. ಗಾಳಿ ಇಳಿಸಿದ್ದರೆ, ಟೈರ್ ತಣಿದ ಮೇಲೆ ಮತ್ತೆ ತುಂಬಿಸದೆ ದಯವಿಟ್ಟು ಹೆದ್ದಾರಿ ಹಿಡಿಯಬೇಡಿ.

ಸ್ಲಿಕ್ ಟೈರ್‌ಗೆ ಆತುರ ಬೇಡ. ಕಲಿಯುವವರಿಗೆ ಒಳ್ಳೆಯ ರಸ್ತೆ ಟೈರೇ ಸಾಕು, ಹಿಡಿತ ಬಿಡುವ ಮುನ್ನ ಅದು ಕಿರುಗುಟ್ಟಿ ಎಚ್ಚರಿಸುತ್ತದೆ.