ಅಳತೆ ಬರೆಯದ ಪುಲ್ಲಿ

ಅಪ್ಪಾಜಿಯ ಗ್ಯಾರಾರ್ಡ್ ಎಸ್‌ಪಿ 25 ರೆಕಾರ್ಡ್ ಪ್ಲೇಯರ್ ವರ್ಷಗಟ್ಟಲೆ ಅಟ್ಟದ ಮೇಲಿತ್ತು. ಈ ಬೇಸಿಗೆಯಲ್ಲಿ ಇಳಿಸಿದೆ. ರಾಯಚೂರಿನ ಬಿಸಿಲಿಗೆ ಒಳಗಿನ ರಬ್ಬರ್ ಗಾಲಿ ಕಲ್ಲಾಗಿತ್ತು. ಮೋಟಾರಿನ ಪುಲ್ಲಿ ಬಿಚ್ಚುವಾಗ ಇಕ್ಕಳದ ಏಟಿಗೆ ಅದೂ ಓರೆಯಾಯಿತು. ಎರಡನ್ನೂ ಆನ್‌ಲೈನ್‌ನಲ್ಲಿ ತರಿಸಿದೆ. ಹಳೆಯದರ ಮಾದರಿಯಲ್ಲಿ ಹೊಸದಾಗಿ ಮಾಡಿದವು. ನೋಡಲಿಕ್ಕೆ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ.

ಜೋಡಿಸಿ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದೆ. ದನಿ ಅವರದೇ ಅಲ್ಲ! ಭಾರವಾಗಿ, ಎಳೆದ ಹಾಗೆ ಬರುತ್ತಿತ್ತು. ಫೋನಿನಲ್ಲಿದ್ದ ಅದೇ ಹಾಡಿನ ಜೊತೆ ಹಾರ್ಮೋನಿಯಂ ಹಿಡಿದು ನೋಡಿದೆ. ಶ್ರುತಿ ಮೂರು ಮನೆ ಇಳಿದಿತ್ತು.

ಮೊದಲು ಗಾಲಿಯ ಮೇಲೇ ಸಂಶಯ ಬಂತು. ಗಾಲಿ ದೊಡ್ಡದೋ ಚಿಕ್ಕದೋ ಆದರೆ ವೇಗ ಬದಲಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪುಲ್ಲಿಯ ಅಂಚು ಎಷ್ಟು ಓಡುತ್ತದೋ ಗಾಲಿಯ ಅಂಚೂ ಅಷ್ಟೇ ಓಡುತ್ತದೆ, ರೆಕಾರ್ಡ್ ಇಡುವ ತಟ್ಟೆಯ ಒಳಅಂಚೂ ಅಷ್ಟೇ. ಗಾಲಿ ನಡುವೆ ನಿಂತು ದಾಟಿಸುತ್ತದೆ, ಅಷ್ಟೇ ಅದರ ಕೆಲಸ. ಅದು ಪೂರ್ತಿ ದುಂಡಗಿರಬೇಕು, ಮೆತ್ತಗಿರಬೇಕು. ಒಂದು ಕಡೆ ಚಪ್ಪಟೆಯಾಗಿದ್ದರೆ ಹಾಡಿನ ಕೆಳಗೆ ದಬ್ ದಬ್ ಅಂತ ಬಡಿಯುತ್ತಲೇ ಇರುತ್ತದೆ. ವೇಗ ಮಾತ್ರ ಪುಲ್ಲಿಯ ಕೈಯಲ್ಲಿದೆ.

ವೇಗ ನೋಡುವ 180 ಗೆರೆಗಳ ಸ್ಟ್ರೋಬ್ ಕಾಗದ ತಟ್ಟೆ ಮೇಲಿಟ್ಟು, ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಹಚ್ಚಿದೆ. ಅದು ಕರೆಂಟಿನ ಲಯಕ್ಕೆ ಮಿನುಗುತ್ತದೆ. ಎಲ್‌ಇಡಿ ಬಲ್ಬಿನ ಕೆಳಗೆ ಸಾಮಾನ್ಯವಾಗಿ ಇದು ಕಾಣುವುದಿಲ್ಲ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣಬೇಕು. ಇಲ್ಲಿ ಹಿಂದಕ್ಕೆ ಓಡುತ್ತಿದ್ದವು. ಆಗ ಹೊಳೆಯಿತು. ನಮ್ಮ ಕರೆಂಟು 50 ಹರ್ಟ್ಜ್, ಅಮೆರಿಕದ್ದು 60. ಅಲ್ಲಿ ಮೋಟಾರು ಜಾಸ್ತಿ ಜೋರಾಗಿ ತಿರುಗುವುದರಿಂದ ಅಲ್ಲಿಯ ಪುಲ್ಲಿ ಸಣ್ಣದು. ನನಗೆ ಬಂದಿದ್ದು ಅದೇ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ ಸುಮಾರು 28 ತಿರುಗುತ್ತಿತ್ತು.

ಹೊಸದಾಗಿ ಮಾಡಿದ ಭಾಗ ಹಾಕುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅವಿಲ್ಲದಿದ್ದರೆ ಈ ಯಂತ್ರಗಳೆಲ್ಲ ಗುಜರಿಗೆ ಹೋಗುತ್ತವೆ. ಆದರೆ ಮಾರುವವರು ಅಳತೆ ಬರೆಯಲೇಬೇಕು. ಎಷ್ಟು ಮಿಲಿಮೀಟರ್, ಎಷ್ಟು ಹರ್ಟ್ಜ್, ರಬ್ಬರ್ ಎಷ್ಟು ಗಟ್ಟಿ. 'ಒರಿಜಿನಲ್ ತರಹವೇ ಇದೆ' ಅನ್ನುವುದು ಅಳತೆಯಲ್ಲ. ನಾಬು, ಬ್ಯಾಡ್ಜು ಸ್ವಲ್ಪ ಹೆಚ್ಚುಕಮ್ಮಿಯಾದರೆ ಕಣ್ಣಿಗಷ್ಟೇ ಗೊತ್ತಾಗುತ್ತದೆ. ಪುಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಹಾಡುವವರ ಗಂಟಲೇ ಬದಲಾಗುತ್ತದೆ, ಅಲ್ವಾ?

ಕೊನೆಗೆ ಗಂಜ್ ಹತ್ತಿರದ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿ ಹತ್ತಿ ಜಿನ್ನಿಂಗ್, ರೈಸ್ ಮಿಲ್ಲುಗಳ ಕೆಲಸವೇ ಜಾಸ್ತಿ. ಅಂಗಡಿಯ ಚಾಚಾ ನನ್ನ ಕಥೆಯನ್ನೆಲ್ಲ ಕೇಳಿ ಒಂದೇ ಮಾತು ಕೇಳಿದರು: "ಹಳೇ ಪುಲ್ಲಿ ಐತೇನಪ್ಪ? ಅದನ್ನ ಕೊಡು ಮೊದ್ಲ." ಪುಣ್ಯಕ್ಕೆ ಎಸೆದಿರಲಿಲ್ಲ. ಓರೆಯಾಗಿದ್ದರೂ ಅದರ ಮೆಟ್ಟಿಲುಗಳ (ಒಂದೊಂದು ವೇಗಕ್ಕೆ ಒಂದೊಂದು) ದಪ್ಪ ಹಾಗೇ ಇತ್ತು. ವರ್ನಿಯರ್ ಇಟ್ಟು ಒಂದೊಂದೇ ಮೆಟ್ಟಿಲು ಅಳೆದು, ಹಿತ್ತಾಳೆಯಲ್ಲಿ ಹೊಸದು ಕಡೆದುಕೊಟ್ಟರು. ಮನೆಗೆ ಬಂದು ಹಾಕಿದೆ. ಗೆರೆಗಳು ನಿಂತವು. ಮನ್ಸೂರರು ಮನ್ಸೂರರ ಹಾಗೇ ಹಾಡಿದರು. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟರು.

ಆ ಮೂರು ಮೆಟ್ಟಿಲುಗಳ ಅಳತೆ ಬರೆದಿಟ್ಟಿದ್ದೇನೆ. ಇದೇ ಮಾಡೆಲ್ ಇದ್ದವರು ಕೇಳಿ, ಕೊಡುತ್ತೇನೆ. ನಿಮ್ಮಲ್ಲಿ ಬಿಚ್ಚಿಟ್ಟ ಹಳೇ ಭಾಗಗಳಿದ್ದರೆ ದಯವಿಟ್ಟು ಎಸೆಯಬೇಡಿ.