ಹಕ್ಕಿಗೆ ಕೆಂಪು ಹಣ್ಣೇ ಬೇಕಂತಿಲ್ಲ

"ಕೆಂಪು ಹಣ್ಣಿನ ಮರ ಮಾತ್ರ ನೆಡಿ, ಬೇರೆ ಬಣ್ಣದ ಹಣ್ಣನ್ನು ಹಕ್ಕಿ, ಪ್ರಾಣಿ ತಿನ್ನಲ್ಲ, ಬೀಜ ಹರಡಲ್ಲ" ಎಂಬ ಮೆಸೇಜ್ ಬೀದರ್ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸ್ವಲ್ಪ ನಿಜವೂ ಇದೆ. ಹಕ್ಕಿಗಳ ಕಣ್ಣು ಬಣ್ಣಕ್ಕೆ ಚುರುಕು. ಹಸಿರೆಲೆ ನಡುವೆ ಕೆಂಪು, ಕಪ್ಪು ಹಣ್ಣು ಬೇಗ ಕಾಣುತ್ತವೆ. ಆಲದ ಹಣ್ಣು ಕೆಂಪಾದರೆ ಮರದ ತುಂಬ ಹಕ್ಕಿ.

ಆದರೆ ನಮ್ಮ ಬೇವನ್ನೇ ನೋಡಿ. ಹಣ್ಣು ತಿಳಿ ಹಳದಿ. ಮೈನಾ, ಕಾಗೆ, ಪಿಕಳಾರ ಅದನ್ನು ಬಿಡುತ್ತವಾ? ರಾತ್ರಿ ಬಾವಲಿ ಬರುತ್ತದೆ. ಕತ್ತಲಲ್ಲಿ ಅದಕ್ಕೆ ಬಣ್ಣಕ್ಕಿಂತ ವಾಸನೆಯೇ ಜಾಸ್ತಿ ಮುಖ್ಯ. ಹಣ್ಣು ಕಿತ್ತು ಬೇರೆ ಮರಕ್ಕೆ ಒಯ್ದು, ತಿರುಳು ಚೀಪಿ ಬೀಜ ಉಗುಳುತ್ತದೆ. ಬೆಳಿಗ್ಗೆ ಹುಣಸೆ ಮರದ ಬುಡದಲ್ಲೂ ಬೇವಿನ ಬೀಜ ಬಿದ್ದಿರುವುದು ಇದಕ್ಕೇ.

ಬಳ್ಳಾರಿ ಜಾಲಿಯ ಕಾಯಿಯೂ ಹಳದಿ, ಸಿಹಿ. ಆಡು, ದನ ಇಷ್ಟಪಟ್ಟು ತಿನ್ನುತ್ತವೆ. ಗಟ್ಟಿ ಬೀಜ ಹಿಕ್ಕೆ, ಸಗಣಿಯಲ್ಲಿ ಹೊರಬಂದು ಮಳೆ ಬಿದ್ದೊಡನೆ ಮೊಳೆಯುತ್ತದೆ. ಬೀಳು ಹೊಲಗಳಲ್ಲಿ ಜಾಲಿ ತುಂಬಲು ಇದೊಂದು ದೊಡ್ಡ ಕಾರಣ.

ದಯವಿಟ್ಟು ಈ ಮೆಸೇಜ್ ನಂಬಿ ಬೇವಿನ ಸಸಿ ಕೀಳಬೇಡಿ.